ಕೊರಳಿನ ಒದ್ದೆ ಪಟ್ಟಿ: ಹರಳು ಕಡಿಮೆ ಮಾಡಿದ ಮೇಲೆ ಸರಿಹೋಯಿತು

ಬಿಸಿಲಿನಲ್ಲಿ ಗಂಟೆಗಟ್ಟಲೆ ಕೆಲಸ ಮಾಡುವಾಗ ಕೊರಳಿಗೆ ಒದ್ದೆ ಬಟ್ಟೆ ಸುತ್ತಿಕೊಳ್ಳುತ್ತಿದ್ದೆನಾದರೂ, ಅದು ಮೊದಲು ಅಂಗಿಯನ್ನೆಲ್ಲ ತೋಯಿಸಿ, ಅರ್ಧ ಗಂಟೆಯೊಳಗೆ ಒಣಗಿಬಿಡುತ್ತಿತ್ತು. ಹಾಗಾಗಿ ಹತ್ತಿ ಬಟ್ಟೆಯ ಉದ್ದನೆಯ ಚೀಲ ಹೊಲಿದು, ಅದರೊಳಗೆ ನೀರು ಹೀರಿ ಉಬ್ಬುವ ಪಾಲಿಮರ್ ಹರಳುಗಳನ್ನು ತುಂಬಿದೆ. ಧಾರಾಳವಾಗಿ ತುಂಬಿದ್ದೇ ತಪ್ಪಾಯಿತು: ತಮ್ಮ ತೂಕದ ನೂರಾರು ಪಟ್ಟು ನೀರು ಹೀರಬಲ್ಲ ಆ ಹರಳುಗಳು ನೆನೆದು ಉಬ್ಬಿದಾಗ ಪಟ್ಟಿ ಮರದ ಕೊರಡಿನಂತೆ ಬಿಗಿದು, ಹೊಲಿಗೆಯ ಸಂದಿನಿಂದ ಲೋಳೆ ಹೊರಬಂದಿತು.

ಪಟ್ಟಿ ತಂಪಾಗುವುದು ಒಳಗೆ ತುಂಬಿಕೊಂಡ ನೀರಿನಿಂದಲ್ಲ, ಮೇಲ್ಮೈಯಿಂದ ಆವಿಯಾಗುವ ನೀರಿನಿಂದ; ಒಂದು ಗ್ರಾಂ ನೀರು ಆವಿಯಾಗುವಾಗ ಸುಮಾರು 2,400 ಜೂಲ್ ಶಾಖವನ್ನು ಸೆಳೆದುಕೊಳ್ಳುತ್ತದೆ. ಇದನ್ನು ನೆನಪಿಟ್ಟುಕೊಂಡು ಎರಡನೆಯ ಬಾರಿ ಒಂದೇ ಟೀ ಚಮಚ ಹರಳು ಹಾಕಿ, ಅವು ಒಂದೆಡೆ ಗುಡ್ಡೆಯಾಗದಂತೆ ನಡುನಡುವೆ ಅಡ್ಡ ಹೊಲಿಗೆ ಹಾಕಿ, ಅರ್ಧ ಗಂಟೆ ನೆನೆಸಿ, ಮೇಲಿನ ನೀರನ್ನು ಒರೆಸಿ, ಗಾಳಿಯಾಡುವಂತೆ ಸಡಿಲವಾಗಿ ಕಟ್ಟಿಕೊಂಡೆ. ಮೈಬಿಸಿಗೆ ಒಳಬದಿ ಬೆಚ್ಚಗಾದಾಗ ಹೊರಬದಿಯನ್ನು ಒಳಕ್ಕೆ ತಿರುಗಿಸಿದರೆ ಮತ್ತೆ ತಂಪು ಸಿಗುತ್ತದೆ. ಈಗ ಅರ್ಧ ದಿನದವರೆಗೆ ಮತ್ತೆ ನೆನೆಸುವ ಗೋಜಿಲ್ಲ. ಗಾಳಿಯೇ ತೇವದಿಂದ ತುಂಬಿದ ಸೆಕೆಯ ದಿನಗಳಲ್ಲಿ ಮಾತ್ರ ಇದರ ಆಟ ಹೆಚ್ಚು ನಡೆಯುವುದಿಲ್ಲ. ಕೊರಳಿಗೆ ಹಿತವೆನಿಸಿತೆಂದು ದೇಹದೊಳಗಿನ ಉಷ್ಣತೆಯೂ ಇಳಿಯಿತೆಂದು ಭಾವಿಸುವಂತಿಲ್ಲವಾದ್ದರಿಂದ, ಆಗಾಗ ನೀರು ಕುಡಿಯುವುದನ್ನೂ ನೆರಳಿಗೆ ಸರಿಯುವುದನ್ನೂ ನಾನು ಬಿಟ್ಟಿಲ್ಲ.