ಕಾಫಿ ಜೊತೆಗಿನ ಬೀಡಿ ಬಿಡಲು: ನಿಕೋಟಿನ್ ಗಮ್ ಜಗಿಯುವ ಕ್ರಮ

"ಬೀಡಿ ಬಿಡಲೆಂದು ನಿಕೋಟಿನ್ ಗಮ್ ಜಗಿದೆ, ಏನೂ ಆಗಲಿಲ್ಲ" ಅನ್ನುವವರು ಮೂಡಿಗೆರೆ, ಸಕಲೇಶಪುರದ ಕಡೆ ಸಿಕ್ಕರೆ ಮೊದಲು ಕೇಳಬೇಕಾದ್ದು ಒಂದೇ: ಅದಕ್ಕೆ ಮುಂಚೆ ಕಾಫಿ ಕುಡಿದಿರಾ?

ಹೊಗೆಸೊಪ್ಪಿನಲ್ಲಿ ಚಟ ಹಿಡಿಸುವ ನಿಕೋಟಿನ್ ಕ್ಷಾರ ಗುಣದ್ದು. ಬಾಯಿ ಹುಳಿಯಾಗಿದ್ದರೆ ಅದು ಕೆನ್ನೆಯ ಒಳಚರ್ಮ ದಾಟುವುದಿಲ್ಲ. ಎಂಜಲಿನ ಜೊತೆ ಹೊಟ್ಟೆಗಿಳಿದು ಬಹುಪಾಲು ಲಿವರ್‌ನಲ್ಲೇ ಮುಗಿದುಹೋಗುತ್ತದೆ. ಹೊಗೆಸೊಪ್ಪಿಗೆ ಸುಣ್ಣ ಹಾಕಿ ತಿಕ್ಕುವವರಿಗೆ ಇದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ, ಸುಣ್ಣ ಬಿದ್ದರೇ ಏರುವುದು. ಕಾಫಿ ಬಾಯಿಯನ್ನು ಹುಳಿಯಾಗಿಸುತ್ತದೆ, ಅದರ ಉಲ್ಟಾ ಕೆಲಸ. ಆದ್ದರಿಂದ ಗಮ್ ಬಾಯಿಗಿಡುವ 15 ನಿಮಿಷ ಮುಂಚಿನಿಂದ, ಗಮ್ ಇರುವಷ್ಟು ಹೊತ್ತೂ, ಕಾಫಿ, ನಿಂಬೆ ಪಾನಕ, ಸೋಡಾ ಬೇಡ. ನೀರು ಆಗಬಹುದು.

ಬೆಳಗಿನ ಮೊದಲ ಬೀಡಿಗೇ ಅಷ್ಟೊಂದು ಕಿಕ್ ಯಾಕೆ? ಎಳೆದ ಹೊಗೆಯ ನಿಕೋಟಿನ್ 10–20 ಸೆಕೆಂಡಿನಲ್ಲಿ ಮೆದುಳು ಸೇರಿ, ಅಸಿಟೈಲ್‌ಕೊಲೀನ್ ಎಂಬ ನರಸಂದೇಶದ ರಾಸಾಯನಿಕ ಬಂದು ಕೂರಲೆಂದು ನರಕೋಶಗಳ ಮೇಲೆ ಇರುವ ರಿಸೆಪ್ಟರ್‌ಗಳಿಗೆ ಅಂಟಿಕೊಳ್ಳುತ್ತದೆ. ನಡುಮೆದುಳಿನ ವಿಟಿಎ ಎಂಬ ಜಾಗದ ನರಕೋಶಗಳು ಚುರುಕಾಗಿ, ನ್ಯೂಕ್ಲಿಯಸ್ ಅಕ್ಯುಂಬೆನ್ಸ್ ಎಂಬ ಇನ್ನೊಂದು ಜಾಗದಲ್ಲಿ, 'ಇನ್ನೂ ಬೇಕು' ಅನಿಸುವ ರಾಸಾಯನಿಕವಾದ ಡೋಪಮೈನ್ ಸುರಿಸುತ್ತವೆ. ಸ್ವಲ್ಪ ಹೊತ್ತಿಗೆ ಅದೇ ರಿಸೆಪ್ಟರ್‌ಗಳು ಮರಗಟ್ಟುತ್ತವೆ. ದಿನವೂ ಸೇದುವವರಲ್ಲಿ ಅವುಗಳ ಸಂಖ್ಯೆಯೇ ಹೆಚ್ಚುತ್ತದೆ. ರಕ್ತದ ನಿಕೋಟಿನ್ ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. 8 ಗಂಟೆ ನಿದ್ದೆ ಮಾಡಿದರೆ ಉಳಿಯುವುದು ಹದಿನಾರರಲ್ಲಿ ಒಂದು ಪಾಲು. ಅಷ್ಟರಲ್ಲಿ ಮರಗಟ್ಟಿದ್ದವೆಲ್ಲ ಎಚ್ಚೆತ್ತು ಕಾಯುತ್ತಿರುತ್ತವೆ. ಜೊತೆಗೆ, ವರ್ಷಗಟ್ಟಲೆ ಕಾಫಿಯೊಂದಿಗೇ ಬೀಡಿ ಹಚ್ಚಿದವರಿಗೆ ಡಿಕಾಕ್ಷನ್ ಘಮ ಬಂದರೆ ಸಾಕು, ಬೆಂಕಿಕಡ್ಡಿ ಗೀರುವ ಮೊದಲೇ ಡೋಪಮೈನ್ ಏಳುತ್ತದೆ.

ಅಂಗಡಿಯಲ್ಲಿ 2 ಮತ್ತು 4 ಮಿ.ಗ್ರಾಂ. ಗಮ್ ಸಿಗುತ್ತವೆ. ಎದ್ದ 30 ನಿಮಿಷದೊಳಗೆ ಸೇದಲೇಬೇಕು ಅನ್ನುವವರಿಗೆ 4, ಉಳಿದವರಿಗೆ 2. ನಾಲ್ಕರದ್ದಕ್ಕೆ ಡಾಕ್ಟರ ಚೀಟಿ ಬೇಕು. ಬಸುರಿಯರು, ಇತ್ತೀಚೆಗೆ ಹೃದಯಾಘಾತವಾದವರು ಯಾವುದಕ್ಕೇ ಆದರೂ ಡಾಕ್ಟರನ್ನು ಕೇಳಿಯೇ ಶುರುಮಾಡಿ.

ಎದ್ದ ಕೂಡಲೇ ಬಾಯಿ ಮುಕ್ಕಳಿಸಿ ಗಮ್ ಹಾಕಿಕೊಳ್ಳಿ. ನಿಧಾನಕ್ಕೆ ಜಗಿಯಿರಿ. ಮೆಣಸು ಕಚ್ಚಿದ ಹಾಗೆ ಖಾರ ಬಂತೋ, ನಾಲಿಗೆ ಜುಮ್ಮೆಂದಿತೋ, ಅಲ್ಲಿಗೆ ನಿಲ್ಲಿಸಿ ಕೆನ್ನೆಗೂ ಒಸಡಿಗೂ ನಡುವೆ ಒತ್ತರಿಸಿಡಿ. ಜುಮ್ಮು ಇಳಿದ ಮೇಲೆ ಮತ್ತೆ ನಾಲ್ಕಾರು ಸಲ ಜಗಿದು, ಈ ಸಲ ಇನ್ನೊಂದು ಕೆನ್ನೆಗೆ. ಹೀಗೆ 30 ನಿಮಿಷ, ಆಮೇಲೆ ಉಗುಳಿ. ಬಬಲ್ ಗಮ್ಮಿನಂತೆ ಒಂದೇ ಸಮ ಜಗಿದರೆ ಬಿಕ್ಕಳಿಕೆ, ಎದೆಯುರಿ, ವಾಕರಿಕೆ ಗ್ಯಾರಂಟಿ. ಕಾಫಿ ಗಮ್ ಮುಗಿದ ಮೇಲೆ, ಮತ್ತು ಜಾಗ ಬದಲಿಸಿ: ಜಗಲಿಯಲ್ಲಿ ಕೂತು ಸೇದುತ್ತಿದ್ದವರು ಅಡುಗೆಮನೆಯಲ್ಲಿ ನಿಂತು ಕುಡಿಯಲಿ.

ಮೊದಲ 6 ವಾರ 1–2 ಗಂಟೆಗೊಂದು, ಆಮೇಲಿನ 3 ವಾರ 2–4 ಗಂಟೆಗೊಂದು, ಕೊನೆಯ 3 ವಾರ 4–8 ಗಂಟೆಗೊಂದು. ದಿನಕ್ಕೆ 24 ದಾಟಬಾರದು. ಜನ ಸಾಮಾನ್ಯವಾಗಿ ಎಡವುವುದು ಹೆಚ್ಚು ಜಗಿದಲ್ಲ, ಜಿಪುಣತನ ಮಾಡಿ ಎರಡು ಮೂರರಲ್ಲೇ ದಿನ ತಳ್ಳಲು ಹೋಗಿ.

ಬೀಡಿಯ ಮಜಾ ಗಮ್ಮಿನಲ್ಲಿ ಬರುವುದಿಲ್ಲ, ನಿಜ. ನಿಕೋಟಿನ್ ನಿಧಾನವಾಗಿ ಏರುವುದರಿಂದ ಡೋಪಮೈನ್ ಆ ಪರಿ ಜಿಗಿಯುವುದಿಲ್ಲ. ಚಡಪಡಿಕೆ ತಗ್ಗಿದರೆ ಗಮ್ಮಿನ ಕೆಲಸ ಆಯಿತು. ಎರಡನೇ, ಮೂರನೇ ದಿನ ಸಿಡುಕು ಜೋರಾಗಿರುತ್ತದೆ. ಮನೆಯವರಿಗೆ ಮೊದಲೇ ಹೇಳಿಡಿ.

ಕಾಫಿಯದ್ದು ಇನ್ನೊಂದು ತಕರಾರಿದೆ. ಹೊಗೆಯಲ್ಲಿನ ಟಾರು ಲಿವರ್‌ನ ಒಂದು ಕಿಣ್ವವನ್ನು ಹೆಚ್ಚಿಸಿ ಕೆಫೀನ್ ಬೇಗ ಖಾಲಿಯಾಗುವಂತೆ ಮಾಡುತ್ತದೆ. ಹೊಗೆ ನಿಂತರೆ ಅದೇ ನಾಲ್ಕು ಲೋಟ ಕಾಫಿ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಕೈನಡುಕ, ನಿದ್ದೆಗೇಡು. ಇದನ್ನೇ ಬೀಡಿ ಬಿಟ್ಟ ಸಂಕಟ ಅಂದುಕೊಂಡು ಮತ್ತೆ ಹಚ್ಚುವವರುಂಟು. ಬಿಟ್ಟ ದಿನದಿಂದಲೇ ಕಾಫಿ ಅರ್ಧ ಮಾಡಿ.

ಅರಕಲಗೂಡು, ರಾಮನಾಥಪುರದ ಕಡೆ ಹೊಗೆಸೊಪ್ಪು ಮುರಿಯುವವರಿಗೆ ಒಂದು ಮಾತು: ಒದ್ದೆ ಎಲೆಯ ನಿಕೋಟಿನ್ ಚರ್ಮದಿಂದಲೇ ಒಳಹೋಗಿ ತಲೆಸುತ್ತು, ವಾಂತಿ ತರುತ್ತದೆ. ಗ್ಲೌಸು, ತುಂಬುತೋಳಿನ ಅಂಗಿ ಹಾಕಿಕೊಳ್ಳಿ. ತಲೆಸುತ್ತು ಬಂದ ದಿನ ಗಮ್ ಮುಟ್ಟಬೇಡಿ.

ನಡುವೆ ಕೈಜಾರಿ ಒಂದು ಸೇದಿದರೆ ಗಮ್ ನಿಲ್ಲಿಸಬೇಕಿಲ್ಲ, ಮುಂದಿನದ್ದನ್ನು ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳಿ. ಮಾತಾಡಬೇಕೆನಿಸಿದರೆ 1800-11-2356, ತಂಬಾಕು ಬಿಡಲು ನೆರವಾಗುವ ಸರ್ಕಾರದ ಉಚಿತ ಕ್ವಿಟ್‌ಲೈನ್.