ಸ್ಲೈಡಿಂಗ್ ಮೈಟರ್ ಸಾ ಆಯ್ಕೆ: ಬ್ಲೇಡಿಗಿಂತ ಮೊದಲು ರೈಲ್ ನೋಡಿ

ಸ್ಲೈಡಿಂಗ್ ಮೈಟರ್ ಸಾ, ಅಂದರೆ ಹಲಗೆಯನ್ನು ಅಡ್ಡಕ್ಕೆ ಬೇಕಾದ ಕೋನದಲ್ಲಿ ಕತ್ತರಿಸುವ, ಜಾರುವ ತಲೆಯ ವಿದ್ಯುತ್ ಗರಗಸ ಕೊಳ್ಳಲು ಹೊರಟವರು ಮೊದಲು ಕೇಳುವುದು ಬ್ಲೇಡು ಹತ್ತು ಇಂಚಿನದು ತೆಗೆದುಕೊಳ್ಳಲೋ ಹನ್ನೆರಡು ಇಂಚಿನದೋ ಎಂದು. ಆ ಪ್ರಶ್ನೆ ಆಮೇಲಿನದು. ಯಂತ್ರದ ಬೆಲೆ, ತೂಕ ಎರಡನ್ನೂ ಏರಿಸುವುದು ಅದರ ತಲೆ (ಮೋಟಾರು, ಬ್ಲೇಡು ಇರುವ ಭಾಗ) ಹಿಂದೆ ಮುಂದೆ ಜಾರುವ ರೈಲ್. ಅಗಲದ ಹಲಗೆಯ ತುದಿ ನೇರವಾಗಿ ಕತ್ತರಿಸಿ ಬರುತ್ತದೋ ಇಲ್ಲವೋ ಎನ್ನುವುದೂ ಅದರ ಮೇಲೇ ನಿಂತಿದೆ. ಆದ್ದರಿಂದ ಮೊದಲು ರೈಲ್ ಬೇಕೇ ಎಂದು ನೋಡಿ, ಬೇಕಾದರೆ ಆ ರೈಲ್ ಎಷ್ಟು ಗಟ್ಟಿಯಾಗಿದೆ ಎಂದು ನೋಡಿ, ಉಳಿದದ್ದು ನಂತರ.

ರೈಲ್ ಇಲ್ಲದ 10 ಇಂಚಿನ (254 ಮಿ.ಮೀ.) ಮೈಟರ್ ಸಾ ಸುಮಾರು 140 ಮಿ.ಮೀ. ಅಗಲದವರೆಗೆ ಕತ್ತರಿಸುತ್ತದೆ, 12 ಇಂಚಿನದು (305 ಮಿ.ಮೀ.) ಸುಮಾರು 200 ಮಿ.ಮೀ. ಅದೇ 10 ಇಂಚಿನ ಬ್ಲೇಡಿಗೆ ರೈಲ್ ಸೇರಿದರೆ ಅಗಲ 300 ಮಿ.ಮೀ. ಆಸುಪಾಸಿಗೆ ಹೋಗುತ್ತದೆ. ನಿಮ್ಮ ಕೆಲಸ ಫೋಟೊ ಫ್ರೇಮು, ಬೀಡಿಂಗು, ರೀಪು, ಬಾಗಿಲ ಚೌಕಟ್ಟಿನ ಪಟ್ಟಿ ಇಷ್ಟೇ ಆಗಿದ್ದರೆ ರೈಲ್ ಇಲ್ಲದ ಯಂತ್ರವೇ ಒಳ್ಳೆಯದು. ಜಾರುವ ಭಾಗ ಇಲ್ಲ, ಸಡಿಲವಾಗುವ ಭಾಗವೂ ಇಲ್ಲ. ಕಪಾಟಿನ ಅಡ್ಡ ಹಲಗೆ, ಮೆಟ್ಟಿಲ ಹಲಗೆ, ಮೇಜಿನ ಮೇಲ್ಮೈಗೆ ಜೋಡಿಸುವ ಅಗಲದ ತುಂಡುಗಳು ದಿನವೂ ಬರುತ್ತಿದ್ದರೆ ಸ್ಲೈಡಿಂಗ್ ಬೇಕೇ ಬೇಕು.

ನೀವು ಕತ್ತರಿಸುವ ಅತಿ ಅಗಲದ ಹಲಗೆ, ಅತಿ ದಪ್ಪದ ತುಂಡು ಯಾವುದೆಂದು ಬರೆದುಕೊಳ್ಳಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಅಗಲ ನೇರ ಕಡಿತದ್ದು. ಯಂತ್ರದ ತಿರುಗುವ ಮೇಜನ್ನು 45 ಡಿಗ್ರಿಗೆ ತಿರುಗಿಸಿದ ಕೂಡಲೇ 300 ಮಿ.ಮೀ. ಎನ್ನುವುದು ಸುಮಾರು 210ಕ್ಕೆ ಇಳಿಯುತ್ತದೆ. ತಲೆಯನ್ನು 45 ಡಿಗ್ರಿ ವಾಲಿಸಿದರೆ ಕತ್ತರಿಸಬಲ್ಲ ದಪ್ಪ ಇನ್ನೂ ಕಡಿಮೆ. ನೇರಕ್ಕೆ 90 ಮಿ.ಮೀ. ಕೊಡುವ ಯಂತ್ರ ವಾಲಿದಾಗ ಅದರ ಅರ್ಧಕ್ಕೂ ಇಳಿಯಬಹುದು. ಕೈಪಿಡಿಯ ಕೋಷ್ಟಕದಲ್ಲಿ ಈ ಅಳತೆಗಳೆಲ್ಲ ಬೇರೆಬೇರೆಯಾಗಿ ಇರುತ್ತವೆ, ಕೊಳ್ಳುವ ಮೊದಲು ಓದಿ.

ಪೀಠೋಪಕರಣದ ಬಹುಪಾಲು ಕೆಲಸಕ್ಕೆ 10 ಇಂಚು ಸಾಕು ಎಂಬುದು ನಮ್ಮ ಖಚಿತ ಅಭಿಪ್ರಾಯ. 12 ಇಂಚಿನ ಬ್ಲೇಡು ದೊಡ್ಡದು. ತಿರುಗುವಾಗ ಅದರ ಅಂಚು ಪಕ್ಕಕ್ಕೆ ಹೊಯ್ದಾಡುವ ಸಾಧ್ಯತೆ ಹೆಚ್ಚು. ಹೊಸದಕ್ಕೂ, ಹಲ್ಲು ಸಾಣೆ ಹಿಡಿಸುವುದಕ್ಕೂ ಖರ್ಚು ಹೆಚ್ಚು. ದಪ್ಪ ತೊಲೆ, ಕಂಬ ಕತ್ತರಿಸುವವರಿಗೆ, ಗೋಡೆಯ ಬುಡಕ್ಕೆ ಹೊಡೆಯುವ ಎತ್ತರದ ಸ್ಕರ್ಟಿಂಗ್ ಪಟ್ಟಿಯನ್ನು ನಿಲ್ಲಿಸಿ ಕತ್ತರಿಸುವವರಿಗೆ ಮಾತ್ರ ಅದು ಸಾರ್ಥಕ. ಯಂತ್ರವನ್ನು ಕೆಲಸದ ಜಾಗಕ್ಕೆ ಹೊತ್ತೊಯ್ಯುವವರಿಗೆ 216 ಮಿ.ಮೀ. ಬ್ಲೇಡಿನ ಸಣ್ಣ ಸ್ಲೈಡಿಂಗ್ ಸಾಗಳೂ ಇವೆ. 10 ಇಂಚಿನ ಸ್ಲೈಡಿಂಗ್ ಯಂತ್ರ 25 ಕಿಲೋ ಆಸುಪಾಸಿನದು, ದಿನಾ ಎತ್ತಿ ಇಳಿಸುವುದು ಸುಲಭವಲ್ಲ.

ಅನೇಕರು ಮರೆಯುವುದು ಹಿಂದಿನ ಜಾಗ. ಸಾಮಾನ್ಯ ವಿನ್ಯಾಸದಲ್ಲಿ ತಲೆಯನ್ನು ಒಳಕ್ಕೆ ತಳ್ಳಿದಾಗ ರೈಲ್ ಕೊಳವೆಗಳು ಹಿಂದಕ್ಕೆ ಚಾಚುತ್ತವೆ, ಯಂತ್ರದ ಹಿಂದೆ ಸುಮಾರು ಒಂದು ಅಡಿ ಖಾಲಿ ಬೇಕು. ಗೋಡೆಗೆ ಅಂಟಿಸಿದ ಮೇಜಿನ ಮೇಲೆ ಇಟ್ಟರೆ ಯಂತ್ರ ಅಷ್ಟೂ ಮುಂದಕ್ಕೆ ಬರುತ್ತದೆ, ನೀವು ನಿಲ್ಲುವ ಜಾಗ ಹೋಗುತ್ತದೆ. ಇದಕ್ಕೆ ಎರಡು ಪರಿಹಾರಗಳಿವೆ. ಫೆಸ್ಟೂಲ್ ಕಾಪೆಕ್ಸ್‌ನಲ್ಲಿ ಇರುವಂತೆ ರೈಲ್ ಅಲುಗಾಡದೆ ಮುಂದಕ್ಕೇ ಇದ್ದು ತಲೆ ಮಾತ್ರ ಅದರ ಮೇಲೆ ಜಾರುವುದು ಒಂದು. ಬಾಷ್‌ನ ಕೆಲವು ಮಾದರಿಗಳಂತೆ ಕೊಳವೆಯ ಬದಲು ಮಡಚಿಕೊಳ್ಳುವ ಕೀಲಿನ ತೋಳು ಇರುವುದು ಇನ್ನೊಂದು. ಬೆಲೆ ಹೆಚ್ಚು, ಆದರೆ ಕೋಣೆ ಚಿಕ್ಕದಾಗಿದ್ದರೆ ಕೊಟ್ಟ ದುಡ್ಡು ದಂಡವಲ್ಲ.

ಅಂಗಡಿಯಲ್ಲಿ ಕೈಯಿಟ್ಟು ನೋಡಬೇಕಾದದ್ದು

ಪ್ಲಗ್ ತೆಗೆದಿರುವುದನ್ನು ಖಚಿತ ಮಾಡಿಕೊಂಡು ತಲೆಯನ್ನು ಪೂರ್ತಿ ಮುಂದಕ್ಕೆ ಎಳೆದು ಕೆಳಗಿಳಿಸಿ. ಹಿಡಿಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ಒತ್ತಿ. ಬೆರಳಿಗೆ ಗೊತ್ತಾಗುವಷ್ಟು ಟಕ್‌ಟಕ್ ಎಂದು ಆಡಿದರೆ ಅದು ಬೇರಿಂಗ್ ಅಥವಾ ಬುಷ್ ಸಡಿಲ. ಬ್ಲೇಡಿನ ತುದಿಯಲ್ಲಿ ಆ ಆಟ ಇನ್ನೂ ದೊಡ್ಡದಾಗಿರುತ್ತದೆ. ಲೋಹ ಬಗ್ಗಿ ಮತ್ತೆ ಮೊದಲಿನ ಜಾಗಕ್ಕೇ ಬರುವುದು ಬೇರೆ, ಖಾಲಿ ಆಟ ಬೇರೆ. ಮೊದಲನೆಯದು ಎಲ್ಲ ಯಂತ್ರಗಳಲ್ಲೂ ಒಂದಿಷ್ಟು ಇರುತ್ತದೆ, ಎರಡನೆಯದನ್ನು ಒಪ್ಪಬೇಡಿ. ನಂತರ ತಲೆಯನ್ನು ನಿಧಾನವಾಗಿ ಹಿಂದೆ ಮುಂದೆ ಜಾರಿಸಿ. ಉದ್ದಕ್ಕೂ ಒಂದೇ ಬಿಗಿ ಇರಬೇಕು, ನಡುವೆ ಎಲ್ಲೂ ತಡೆಯಬಾರದು.

ಫೆನ್ಸ್, ಅಂದರೆ ಹಲಗೆಯನ್ನು ಒರಗಿಸುವ ಹಿಂದಿನ ತಡೆ, ಬ್ಲೇಡಿನ ಎಡಕ್ಕೊಂದು ಬಲಕ್ಕೊಂದು ಭಾಗವಾಗಿರುತ್ತದೆ. ಎಡ ಬಲ ಎರಡಕ್ಕೂ ತಾಗುವಂತೆ ಒಂದು ನೇರಪಟ್ಟಿ ಒರಗಿಸಿ, ಸಂದಿಗೆ ತೆಳು ಕಾಗದ ತೂರಿಸಿ ನೋಡಿ. ಕಾಗದ ಒಳಗೆ ಹೋದರೆ ಎರಡೂ ಒಂದೇ ಸಾಲಿನಲ್ಲಿಲ್ಲ ಎಂದರ್ಥ. ಎಡದಿಂದ ಕತ್ತರಿಸಿದ ಕೋನ, ಬಲದಿಂದ ಕತ್ತರಿಸಿದ ಕೋನ ಎರಡೂ ಬೇರೆಬೇರೆ ಬರುತ್ತವೆ. ಇದನ್ನು ಮನೆಯಲ್ಲಿ ಸರಿಪಡಿಸುವುದು ಕಷ್ಟ.

ಕೋನದ ಮೇಜು ಸಾಮಾನ್ಯವಾಗಿ 0, 15, 22.5, 31.6, 45 ಡಿಗ್ರಿಗಳಲ್ಲಿ ಕಚ್ಚಿ ನಿಲ್ಲುತ್ತದೆ. 31.6 ಇರುವುದು ಗೋಡೆ, ಚಾವಣಿ ಸೇರುವಲ್ಲಿ ಓರೆಯಾಗಿ ಕೂರಿಸುವ ಅಲಂಕಾರ ಪಟ್ಟಿ ಕ್ರೌನ್ ಮೋಲ್ಡಿಂಗ್‌ಗಾಗಿ: ಗೋಡೆಗೆ 38 ಡಿಗ್ರಿಯಲ್ಲಿ ಕೂರುವ ಪಟ್ಟಿಯನ್ನು ಮಲಗಿಸಿ ಕತ್ತರಿಸಲು ಮೇಜು 31.6, ತಲೆಯ ವಾಲು 33.9. ಕಚ್ಚುವ ಜಾಗಗಳಿಗಿಂತ ಮುಖ್ಯ, ಅವನ್ನು ತಪ್ಪಿಸಿ 44.8ರಂಥ ಕೋನಕ್ಕೂ ಬಿಗಿಯಾಗಿ ನಿಲ್ಲುತ್ತದೆಯೇ ಎನ್ನುವುದು. ಗೋಡೆಗಳು ಯಾವತ್ತೂ ಸರಿಯಾಗಿ 90 ಇರುವುದಿಲ್ಲ. ನಾಲ್ಕು ಮೂಲೆಯ ಚೌಕಟ್ಟಿಗೆ ಎಂಟು ಕಡಿತ. ಪ್ರತಿಯೊಂದೂ ಒಂದೇ ಕಡೆಗೆ ಕಾಲು ಡಿಗ್ರಿ ತಪ್ಪಿದರೆ ಕೊನೆಯ ಮೂಲೆಯಲ್ಲಿ ಎರಡು ಡಿಗ್ರಿ ಬಾಯಿ ಬಿಡುತ್ತದೆ.

ತಲೆ ಎರಡೂ ಕಡೆ ವಾಲುವುದು ಅನುಕೂಲ, ಅನಿವಾರ್ಯವಲ್ಲ. ಒಂದೇ ಕಡೆ ವಾಲುವ ಯಂತ್ರದಲ್ಲಿ ಹಲಗೆಯನ್ನು ತಿರುಗಿಸಿ ಇಡಬೇಕು, ಅಷ್ಟೆ. ಉದ್ದನೆಯ ಬೀಡಿಂಗ್ ಕೆಲಸ ಮಾಡುವವರಿಗೆ ಮಾತ್ರ ಆ ತಿರುಗಿಸಾಟ ಬೇಸರ ತರುತ್ತದೆ. ಗುರುತಿಗೆ ಲೇಸರ್‌ಗಿಂತ ಬ್ಲೇಡಿನ ನೆರಳು ಬೀಳಿಸುವ ಎಲ್‌ಇಡಿ ದೀಪ ನಂಬಿಕಸ್ತ. ಲೇಸರನ್ನು ಆಗಾಗ ಹೊಂದಿಸಬೇಕು. ನೆರಳು ಯಾವ ಬ್ಲೇಡು ಹಾಕಿದರೂ ಅದರ ದಪ್ಪವನ್ನೇ ತೋರಿಸುತ್ತದೆ.

ಮರದ ಪುಡಿ ಈ ಯಂತ್ರದ ದೊಡ್ಡ ದೌರ್ಬಲ್ಯ. ಜೊತೆಗೆ ಬರುವ ಚೀಲ ಸಾಲದು. ಬ್ಲೇಡಿನ ಹಿಂದೆ ಪುಡಿಯನ್ನು ಹಿಡಿಯುವ ರಬ್ಬರ್ ಬಾಯಿ ಎಷ್ಟು ಕೆಳಗಿನವರೆಗೆ ಬರುತ್ತದೆ, ಕೊಳವೆಯ ಬಾಯಿ ನಿಮ್ಮ ವ್ಯಾಕ್ಯೂಮಿಗೆ ಹೊಂದುತ್ತದೆಯೇ ನೋಡಿ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಕತ್ತರಿಸುವವರಿಗೆ ವ್ಯಾಕ್ಯೂಮ್ ಇದ್ದರೂ ಮಾಸ್ಕ್ ಬೇಕು.

ಬ್ಲೇಡು

ಯಂತ್ರದ ಜೊತೆ ಬರುವ ಬ್ಲೇಡು ಸಾಮಾನ್ಯವಾಗಿ ಕಡಿಮೆ ಹಲ್ಲಿನದು, ಒರಟು ಕಡಿತಕ್ಕೆ. ನುಣುಪು ಅಡ್ಡ ಕಡಿತಕ್ಕೆ 10 ಇಂಚಿನಲ್ಲಿ 60ರಿಂದ 80 ಹಲ್ಲಿನದು ತೆಗೆದುಕೊಳ್ಳಿ. ಅದಕ್ಕಿಂತ ಮುಖ್ಯವಾದದ್ದು ಹುಕ್ ಆಂಗಲ್, ಅಂದರೆ ಹಲ್ಲು ಎಷ್ಟು ಮುಂದಕ್ಕೆ ಬಾಗಿದೆ ಎನ್ನುವುದು. ಟೇಬಲ್ ಸಾ ಬ್ಲೇಡಿನಲ್ಲಿ ಇದು 15ರಿಂದ 20 ಡಿಗ್ರಿ ಇರುವುದುಂಟು. ಅದನ್ನೇ ಇಲ್ಲಿ ಹಾಕಿದರೆ ಹಲ್ಲು ಮರವನ್ನು ಕಚ್ಚಿ ತಲೆಯನ್ನೇ ಎಳೆದುಕೊಂಡು ಹಲಗೆಯ ಮೇಲೆ ಹತ್ತುತ್ತದೆ. ಸ್ಲೈಡಿಂಗ್ ಸಾಗೆ ಸೊನ್ನೆ ಅಥವಾ ಮೈನಸ್ 5ರ ಸುತ್ತಿನ ಹುಕ್ ಬೇಕು. ನಡುರಂಧ್ರದ ಅಳತೆ ದೇಶದಿಂದ ದೇಶಕ್ಕೆ ಬೇರೆ (30, 25.4, 15.88 ಮಿ.ಮೀ.), ನಿಮ್ಮ ಯಂತ್ರದ್ದನ್ನು ನೋಡಿಕೊಂಡೇ ಕೊಳ್ಳಿ. ಬ್ಲೇಡಿನ ಮೇಲೆ ಬರೆದ ಗರಿಷ್ಠ ವೇಗ ಯಂತ್ರದ ವೇಗಕ್ಕಿಂತ ಹೆಚ್ಚಿರಬೇಕು. ಇದರಲ್ಲಿ ರಾಜಿ ಬೇಡ.

ಮನೆಗೆ ತಂದ ದಿನ

ಎರಡೂ ಅಂಚು ಸಮಾನಾಂತರವಾಗಿರುವ 300 ಮಿ.ಮೀ. ಅಗಲದ ಎಂಡಿಎಫ್ ತುಂಡು ತೆಗೆದುಕೊಂಡು ಸೊನ್ನೆ ಡಿಗ್ರಿಯಲ್ಲಿ ಅಡ್ಡ ಕತ್ತರಿಸಿ. ಒಂದು ಅರ್ಧವನ್ನು ಹಾಗೇ ಬಿಟ್ಟು ಇನ್ನೊಂದನ್ನು ಮಗುಚಿ, ಮೇಲ್ಮೈ ಕೆಳಗೆ ಬರುವಂತೆ ಇಡಿ. ಎರಡನ್ನೂ ಒಂದು ನೇರಪಟ್ಟಿಗೆ ಒತ್ತಿ, ಕತ್ತರಿಸಿದ ಮುಖಗಳನ್ನು ಕೂಡಿಸಿ. ಸಂದಿ ಕಂಡರೆ ಅದು ನಿಜವಾದ ತಪ್ಪಿನ ಎರಡರಷ್ಟು. ತುದಿಯಲ್ಲಿ 1 ಮಿ.ಮೀ. ಸಂದಿ ಎಂದರೆ ತಪ್ಪು ಸುಮಾರು 0.1 ಡಿಗ್ರಿ.

ಸಂದಿಯ ಆಕಾರವನ್ನು ಗಮನಿಸಿ. ಒಂದು ಕಡೆ ಸೊನ್ನೆ, ಇನ್ನೊಂದು ಕಡೆಗೆ ಸಮವಾಗಿ ಅಗಲವಾಗುತ್ತಾ ಹೋದರೆ ಫೆನ್ಸಿನ ಬೋಲ್ಟ್ ಸಡಿಲಿಸಿ ಸರಿಮಾಡಬಹುದು. ಆದರೆ ಒಂದೇ ಕಡೆಗೆ ಸಮವಾಗಿ ಬಾಗಿದ ಕಡಿತ ಮಗುಚಿದರೂ ಕೂಡಿಕೊಳ್ಳುತ್ತದೆ, ಅದಕ್ಕೆ ಕತ್ತರಿಸಿದ ಮುಖಕ್ಕೇ ನೇರಪಟ್ಟಿ ಒರಗಿಸಿ ನೋಡಿ: ಎರಡು ತುದಿ ತಾಗಿ ನಡುವೆ ಬೆಳಕು ಕಂಡರೆ, ಅಥವಾ ನಡು ಮಾತ್ರ ತಾಗಿ ತುದಿಗಳು ಬಿಟ್ಟುಕೊಂಡರೆ ಕಡಿತವೇ ಬಾಗಿದೆ. ಬ್ಲೇಡು ಹರಿತವಿದ್ದು, ನಿಧಾನವಾಗಿ ಮತ್ತೆ ಕತ್ತರಿಸಿದರೂ ಹಾಗೇ ಬಂದರೆ ದೋಷ ರೈಲಿನದು. ಯಂತ್ರ ವಾಪಸ್ ಕೊಡಿ. ಆಮೇಲೆ ಸುಮಾರು 75 ಮಿ.ಮೀ. ದಪ್ಪದ ತುಂಡಿನಲ್ಲಿ ಇದೇ ಪರೀಕ್ಷೆ ಮಾಡಿದರೆ ತಲೆ ನೆಟ್ಟಗಿದೆಯೇ ಎಂಬುದೂ ಗೊತ್ತಾಗುತ್ತದೆ.

ಅಗಲದ ಹಲಗೆ ಕತ್ತರಿಸುವ ಕ್ರಮ: ಹಲಗೆಯನ್ನು ಫೆನ್ಸಿಗೆ ಒತ್ತಿ ಕ್ಲಾಂಪ್ ಹಾಕಿ, ತಲೆಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ಸ್ವಿಚ್ ಒತ್ತಿ ಪೂರ್ತಿ ವೇಗ ಬರುವವರೆಗೆ ಕಾಯಿರಿ, ಕೆಳಗಿಳಿಸಿ, ಹಿಂದಕ್ಕೆ ತಳ್ಳಿ. ಎಳೆಯುತ್ತಾ ಕತ್ತರಿಸಬೇಡಿ, ಬ್ಲೇಡು ಹಲಗೆ ಹತ್ತಿ ನಿಮ್ಮ ಮೇಲೆ ನುಗ್ಗುತ್ತದೆ. ಕೈ ಬ್ಲೇಡಿನಿಂದ 150 ಮಿ.ಮೀ. ದೂರ ಇರಲಿ. ಬಾಗಿದ ಹಲಗೆಯಾದರೆ ಉಬ್ಬಿದ ಬದಿ ಫೆನ್ಸಿನ ಕಡೆಗಿದ್ದು, ಕಡಿತದ ಜಾಗದಲ್ಲಿ ಸಂದಿಯಿಲ್ಲದೆ ತಾಗಿರಬೇಕು. ತಿರುಗಾಮುರುಗಾ ಇಟ್ಟರೆ ಕಡಿತ ಮುಗಿಯುವಾಗ ಮರ ಬ್ಲೇಡನ್ನು ಹಿಚುಕುತ್ತದೆ. ಸ್ವಿಚ್ ಬಿಟ್ಟ ಮೇಲೆ ಬ್ಲೇಡು ಪೂರ್ತಿ ನಿಂತ ನಂತರವೇ ತಲೆ ಎತ್ತಿ. ಸಣ್ಣ ಪಟ್ಟಿಗಳಿಗೆ ರೈಲನ್ನು ಹಿಂದಕ್ಕೆ ತಳ್ಳಿ ಲಾಕ್ ಮಾಡಿ, ಬರೀ ಕೆಳಗಿಳಿಸಿ ಕತ್ತರಿಸಿದರೆ ಸಾಕು. ಯಂತ್ರವನ್ನು ಬೇರೆ ಕಡೆ ಸಾಗಿಸುವಾಗಲೂ ಈ ಲಾಕ್ ಹಾಕಿರಬೇಕು, ಸಾಗಿಸಿದ ಮೇಲೆ ಮಗುಚುವ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ಕೆಲಸ ಶುರು ಮಾಡಿ.