ಪೇಟೆ ಬೀದಿಯ ಮರದ ಮನೆ: ಕಂಬದ ಬುಡ ಬದಲಿಸಿದ್ದು ಹೀಗೆ

ಆಗುಂಬೆಯಿಂದ ಅಷ್ಟೇನೂ ದೂರವಿಲ್ಲದ ನಮ್ಮ ಪೇಟೆಯ ಮುಖ್ಯ ಬೀದಿಗೆ ಮುಖ ಮಾಡಿರುವ ಈ ಮನೆಯನ್ನು ಹೊತ್ತಿರುವುದು ಗೋಡೆಯಲ್ಲ, ಮರ. ಕಂಬದ ತಲೆಯ ಮೇಲೆ ಭಾರ ಹೊರುವ ಅಡ್ಡ ತುಂಡು, ಅಂದರೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಅದರ ಮೇಲೆ ಹಲಗೆಯ ಮುಚ್ಚಿಗೆ. ಎಲ್ಲವೂ ಕಚ್ಚು ಕೊಟ್ಟು ಬೆಣೆ ಹೊಡೆದು ಕೂರಿಸಿದ್ದು. ನಡುವಿನ ಮಣ್ಣಿನ ಗೋಡೆ ಬರೀ ಮರೆಗೆ.

ಜಗಲಿಯ ಮೂಲೆಕಂಬ ಕುಸಿಯತೊಡಗಿದಾಗ ನೋಡಿದವರೆಲ್ಲ ಕಾಂಕ್ರೀಟ್ ಪಿಲ್ಲರ್ ಎಬ್ಬಿಸಿ ಅಂದರು. ನನಗೆ ಮನಸ್ಸು ಬರಲಿಲ್ಲ. ಉಳಿಯ ಹಿಡಿಯಿಂದ ಕಂಬವನ್ನು ಕೆಳಗಿನಿಂದ ತಟ್ಟುತ್ತಾ ಹೋದೆ. ಬುಡದ ಒಂದಡಿ ಡಬ್ ಡಬ್ ಎಂದಿತು, ಅಲ್ಲಿಂದ ಮೇಲೆ ಗಟ್ಟಿ ಸದ್ದು. ಕಂಬ ಬೋಗಿ ಮರದ್ದು, ಅದು ಅಷ್ಟು ಸುಲಭಕ್ಕೆ ಸೋಲುವುದಿಲ್ಲ.

ಕೆಡಿಸಿದ್ದು ವಯಸ್ಸಲ್ಲ, ನೀರು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಜಗಲಿಯ ಮಟ್ಟಕ್ಕೇ ಏರಿದೆ. ಮಳೆಗಾಲದಲ್ಲಿ ಬಸ್ಸು ಎರಚುವ ನೀರು ನೇರ ಕಂಬದ ಬುಡಕ್ಕೆ. ಅದನ್ನು ತಡೆಯಲೆಂದು ಹಿಂದೆ ಯಾವಾಗಲೋ ಕಂಬ ನಿಂತಿರುವ ಪೀಠದ ಕಲ್ಲನ್ನೇ ಮುಚ್ಚಿ ಸಿಮೆಂಟ್ ಮೆತ್ತಿದ್ದರು. ಅಡ್ಡ ಕೊಯ್ದ ಮರದ ತುದಿ ಬತ್ತಿ ಎಣ್ಣೆ ಹೀರಿದ ಹಾಗೆ ನೀರು ಹೀರುತ್ತದೆ; ಒಣಗಲು ದಾರಿಯಿಲ್ಲದಿದ್ದರೆ ಎಂಥ ಮರವೂ ಕೊಳೆಯುತ್ತದೆ. ಆಮೇಲೆ ಗೆದ್ದಲಿಗೆ ಕರೆ ಬೇಕಿಲ್ಲ.

ತೊಲೆಗೆ ಆನಿಕೆ ಕೊಟ್ಟು ಜಾಕಿಯನ್ನು ಕಾಲು ಸುತ್ತಿನಂತೆ ತಿರುಗಿಸಿದೆವು. ಇಲ್ಲಿ ಆತುರ ಸಲ್ಲದು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಘಟ್ಟ ಹತ್ತಿ ಬಂದ ಹೆಂಚು ನಮ್ಮ ಮಾಡಿನದು. ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ಮಾಡು ಒಂದೇ ಕಡೆ ಎದ್ದರೆ ಸಾಲಾಗಿ ಒಡೆಯುತ್ತದೆ. ಮುಚ್ಚಿಗೆಯ ಸಂದಿಯಿಂದ ಹಳೇ ಧೂಳು ಸಣ್ಣಗೆ ಸುರಿದು, ಬೋದಿಗೆಯ ಬೆಣೆ ಬೆರಳಿಗೆ ಅಲುಗಿತು. ಆಚಾರಿ ಅಲ್ಲೇ ನಿಲ್ಲಿಸಿದರು. ಭಾರ ಇಳಿದಿತ್ತು.

ಕೊಳೆತದ್ದನ್ನು ಕೊಯ್ದು, ಉಳಿದ ಕಂಬವನ್ನು ಅರ್ಧ ದಪ್ಪಕ್ಕೆ ಕೆತ್ತಿ, ಹೊಸ ಬುಡವನ್ನೂ ಹಾಗೇ ಕೆತ್ತಿ ಒಂದಕ್ಕೊಂದು ಕೂರಿಸಿದೆವು. ಆ ಜೋಡಣೆಯ ಉದ್ದ ಕಂಬದ ದಪ್ಪದ ಮೂರು ಪಟ್ಟು. ಸಂದು ಹೊರಕ್ಕೆ ಇಳಿಜಾರು, ನೀರು ನಿಲ್ಲಬಾರದಲ್ಲ. ಮರದ ಗೂಟ ಹೊಡೆಯಲು ಎರಡೂ ತುಂಡುಗಳಲ್ಲಿ ಬೇಕಾದ ತೂತುಗಳನ್ನು ಆಚಾರಿ ಒಂದಕ್ಕೊಂದು ಅರ್ಧ ನೂಲು (ಇಂಚಿನ ಹದಿನಾರನೇ ಒಂದು ಭಾಗ) ತಪ್ಪಿಸಿ ಕೊರೆದರು. ಗೂಟ ಒಳಹೋಗುತ್ತಾ ಎರಡೂ ತುಂಡುಗಳನ್ನು ಎಳೆದು ಬಿಗಿ ಮಾಡಿತು. ಅಂಟು ಹಾಕಿಲ್ಲ, ಬೋಲ್ಟೂ ಇಲ್ಲ.

ಹಸಿ ಮರ ಒಣಗಿ ಕುಗ್ಗಿದರೆ ಸಂದು ಬಾಯಿ ಬಿಡುತ್ತದೆಂದು ಕಳಚಿದ ಮನೆಯೊಂದರ ಹಳೇ ಬೋಗಿ ಮರ ತಂದೆವು. ಅಲ್ಲಿ ರಾಶಿ ಬಿದ್ದಿದ್ದ ಕೆತ್ತನೆ ಕಂಬಗಳು ರೆಸಾರ್ಟಿಗೆ ಹೊರಟಿದ್ದವು, ಹೊಟ್ಟೆ ಉರಿಯಿತು. ಮನೆಗಳನ್ನೇ ಬಿಚ್ಚಿ ತಂದು ಮಣಿಪಾಲದಲ್ಲಿ ಮತ್ತೆ ನಿಲ್ಲಿಸಿದ ವಿಜಯನಾಥ ಶೆಣೈಯವರ ಮೇಲೆ ನನಗೆ ಅಪಾರ ಗೌರವ. ಆದರೂ ಒಂದಡಿ ಮರ ಬದಲಿಸಿದರೆ ಬೀದಿಯಲ್ಲೇ ಉಳಿಯುವ ಮನೆಯನ್ನು ಕಳಚಬಾರದು.

ಸಿಮೆಂಟ್ ಕೆತ್ತಿ ಪೀಠದ ಕಲ್ಲನ್ನು ನೆಲಕ್ಕಿಂತ ಎರಡಿಂಚು ಎತ್ತರಕ್ಕೆ ತಂದೆವು, ಸುತ್ತ ಸುಣ್ಣದ ಗಾರೆ. ಎನಾಮೆಲ್ ಬಣ್ಣ ಹೆರೆದು ಬುಡಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಹಚ್ಚಿದ್ದೇನೆ. ಕೈಗೆ ತಗುಲಿದರೆ ಸುಡುತ್ತದೆ, ಗ್ಲೌಸ್ ಬೇಕೇ ಬೇಕು. ಮುಂದಿನ ಸಲ ಹಳೇ ಡಾಂಬರು ಕೆರೆದು ಹೊಸದು ಹಾಕಿ ಎಂದು ಬೀದಿಯವರೆಲ್ಲ ಸಹಿ ಮಾಡಿ ಅರ್ಜಿ ಕೊಟ್ಟಿದ್ದೇವೆ.